ಪಿಲ್ಬರಾದಲ್ಲಿ ಚಾಲಕನ ಆಸನ ತೆರವಾದ ಬಗೆ

ಪಶ್ಚಿಮ ಆಸ್ಟ್ರೇಲಿಯದ ಉತ್ತರಭಾಗದಲ್ಲಿರುವ ಪಿಲ್ಬರಾ ಪ್ರಾಂತದ ವೆಸ್ಟ್ ಏಂಜೆಲಸ್ ಎಂಬ ಕಬ್ಬಿಣದ ಅದಿರಿನ ಗಣಿಯಲ್ಲಿ 2008ರ ಡಿಸೆಂಬರ್ ತಿಂಗಳಲ್ಲಿ ಐದು ದೈತ್ಯ ಟ್ರಕ್ಕುಗಳು ಚಾಲಕರಿಲ್ಲದೆ ಕೆಲಸಕ್ಕಿಳಿದವು. ಅಲ್ಲಿಂದ ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಪ್ರಾಂತದಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಅದಿರಿನ ರೈಲುಗಳು ಎಂಜಿನ್ನಿನಲ್ಲಿ ಒಬ್ಬ ಮನುಷ್ಯನೂ ಇಲ್ಲದೆ ಗಣಿಯಿಂದ ಬಂದರಿಗೆ ಹೋಗಿಬರತೊಡಗಿದವು. ಅವೆಲ್ಲವನ್ನೂ ನೋಡಿಕೊಳ್ಳುವ ಸಿಬ್ಬಂದಿ ಸುಮಾರು 1,500 ಕಿಲೋಮೀಟರ್ ದೂರದ ಪರ್ತ್ ನಗರದಲ್ಲಿ ಕುಳಿತಿದ್ದರು. ಈ ಬೆಳವಣಿಗೆಯನ್ನು ಯಂತ್ರಬುದ್ಧಿಯ ವಿಜಯವೆಂದು ವರ್ಣಿಸುವುದು ವಾಡಿಕೆಯಾಗಿದೆ. ಆದರೆ ಪಿಲ್ಬರಾ ಗಣಿಗಾರಿಕೆಯ ಚರಿತ್ರೆಯನ್ನು 1960ರ ದಶಕದಿಂದ ಓದಿಕೊಂಡು ಬಂದವರಿಗೆ ಇದರಲ್ಲಿ ಹಳೆಯ ಪ್ರಶ್ನೆಯೊಂದೇ ಮತ್ತೆ ಮತ್ತೆ ಎದುರಾಗುತ್ತದೆ. ಊರಿಲ್ಲದ, ನೀರಿಲ್ಲದ, ನೆರಳೂ ಸಾಲದ ಜಾಗದಲ್ಲಿ ಕೆಲಸಗಾರನನ್ನು ಎಲ್ಲಿ ಇರಿಸುವುದು, ಹಾಗೆ ಇರಿಸುವುದಕ್ಕೆ ತಗಲುವ ವೆಚ್ಚವೆಷ್ಟು ಎಂಬುದೇ ಆ ಪ್ರಶ್ನೆ. ಗಣಿ ಕಂಪನಿಗಳು ಅದಕ್ಕೆ ಮೊದಲು ಊರು ಕಟ್ಟಿ ಉತ್ತರಿಸಿದವು, ಆಮೇಲೆ ವಿಮಾನದಲ್ಲಿ ಕರೆತಂದು ಉತ್ತರಿಸಿದವು, ಕೊನೆಗೆ ಕೆಲಸಗಾರನನ್ನು ಕರೆತರುವ ಅಗತ್ಯವನ್ನೇ ಆದಷ್ಟು ತಗ್ಗಿಸಿ ಉತ್ತರಿಸಿದವು.

ಪಿಲ್ಬರಾದ ವಿಸ್ತೀರ್ಣ ಸುಮಾರು ಐದು ಲಕ್ಷ ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ಎರಡೂವರೆ ಪಟ್ಟು. ಅಲ್ಲಿ ನೆಲೆಸಿರುವ ಜನ ನಮ್ಮ ಒಂದು ಸಣ್ಣ ತಾಲ್ಲೂಕಿನ ಜನಸಂಖ್ಯೆಗೂ ಸಮವಾಗಲಾರರು. ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಅಲ್ಲಿನ ಮಾರ್ಬಲ್ ಬಾರ್ ಎಂಬ ಊರಿನಲ್ಲಿ 1923ರ ಅಕ್ಟೋಬರ್ ಕೊನೆಯಿಂದ 1924ರ ಏಪ್ರಿಲ್ ಮೊದಲ ವಾರದವರೆಗೆ ಸತತವಾಗಿ 160 ದಿನ 37.8 ಡಿಗ್ರಿಗಿಂತ ಕೆಳಗಿಳಿಯದ ಗರಿಷ್ಠ ಉಷ್ಣಾಂಶ ದಾಖಲಾಯಿತು. ಕರಾವಳಿಗೆ ವರ್ಷವರ್ಷವೂ ಚಂಡಮಾರುತದ ಭಯ. ಈ ನೆಲದ ಹ್ಯಾಮರ್ಸ್ಲಿ ಬೆಟ್ಟಸಾಲು ಸುಮಾರು 250 ಕೋಟಿ ವರ್ಷಗಳ ಹಿಂದೆ ಸಮುದ್ರತಳದಲ್ಲಿ ಕಬ್ಬಿಣ ಮತ್ತು ಸಿಲಿಕಾ ಒಂದರ ಮೇಲೊಂದು ಪದರಪದರವಾಗಿ ಕುಳಿತು ಉಂಟಾದ ಪಟ್ಟೆಶಿಲೆಯಿಂದ ಕೂಡಿದೆ. ಕಾಲಾಂತರದಲ್ಲಿ ನೀರು ಅದರೊಳಗಿನ ಸಿಲಿಕಾವನ್ನು ಕರಗಿಸಿ ಒಯ್ದ ಕಡೆಗಳಲ್ಲಿ ಕಬ್ಬಿಣಾಂಶ ಶೇಕಡ 60ನ್ನೂ ಮೀರಿದ ಅದಿರು ಉಳಿಯಿತು. ಬಂಜಿಮಾ, ಯಿಂಜಿಬಾರ್ಂಡಿ, ನ್ಯಿಯಪರ್ಲಿ ಮೊದಲಾದ ಮೂಲನಿವಾಸಿ ಜನಾಂಗಗಳು ಹತ್ತಾರು ಸಾವಿರ ವರ್ಷಗಳಿಂದ ಈ ನೆಲದಲ್ಲಿ ಬಾಳಿಬಂದಿದ್ದಾರೆ. ಪಿಲ್ಬರಾವನ್ನು ‘ದೂರದ ಪ್ರದೇಶ’ ಎಂದು ಕರೆಯುವ ರೂಢಿ ಪರ್ತ್, ಮೆಲ್ಬರ್ನ್ ಮತ್ತು ಲಂಡನ್ನಿನಿಂದ ಅಳೆದವರದು ಎಂಬುದನ್ನು ಇಲ್ಲಿ ನೆನಪಿಡಬೇಕು.

ಅದಿರು ಇರುವುದು ತಿಳಿದಿದ್ದರೂ ಬಹುಕಾಲ ಅದನ್ನು ಯಾರೂ ಮುಟ್ಟಲಿಲ್ಲ. ದೇಶದ ಕಬ್ಬಿಣದ ನಿಕ್ಷೇಪ ಬಹಳ ಸೀಮಿತವೆಂಬ ಅಂದಾಜನ್ನು ಮುಂದಿಟ್ಟು, ಜಪಾನಿನ ಹಿತಾಸಕ್ತಿಯ ಬಗೆಗಿನ ಆತಂಕವನ್ನು ಮನಸ್ಸಿನಲ್ಲಿಟ್ಟುಕೊಂಡು, ಆಸ್ಟ್ರೇಲಿಯ ಸರ್ಕಾರ 1938ರಲ್ಲಿ ಅದಿರಿನ ರಫ್ತನ್ನು ನಿಷೇಧಿಸಿತು. ಲ್ಯಾಂಗ್ ಹ್ಯಾನ್‌ಕಾಕ್ ಎಂಬ ಜಾನುವಾರು ಸಾಕಣೆಯ ಜಮೀನುದಾರರು 1952ರ ನವೆಂಬರಿನಲ್ಲಿ ಹೆಂಡತಿಯೊಡನೆ ಪುಟ್ಟ ವಿಮಾನದಲ್ಲಿ ಹೋಗುತ್ತಿದ್ದಾಗ ಮೋಡ ಕವಿದು, ಕಣಿವೆಯೊಳಗೆ ತಗ್ಗಿ ಹಾರಬೇಕಾಗಿ ಬಂದು, ಇಕ್ಕೆಲದ ಗೋಡೆಗಳು ಕಬ್ಬಿಣದ ತುಕ್ಕಿನ ಬಣ್ಣದಲ್ಲಿರುವುದನ್ನು ಕಂಡರೆಂಬ ಕಥೆ ಪ್ರಸಿದ್ಧವಾಗಿದೆ. ಅದನ್ನು ಹೇಳಿದವರು ಅವರೇ ಆದುದರಿಂದಲೂ ಆ ಕಥೆಯಿಂದ ಅವರಿಗೆ ಲಾಭವೇ ಆದುದರಿಂದಲೂ ಇತಿಹಾಸಕಾರರು ಅದನ್ನು ತುಸು ಎಚ್ಚರದಿಂದಲೇ ಓದುತ್ತಾರೆ. ನಿಷೇಧ 1960ರ ಡಿಸೆಂಬರಿನಲ್ಲಿ ಸಡಿಲಗೊಂಡ ಮೇಲೆ ಮಾತ್ರ ಶೋಧಕ್ಕೆ ಅರ್ಥ ಬಂದಿತು. ಅಮೆರಿಕದ ಕೈಸರ್ ಸ್ಟೀಲ್ ಕಂಪನಿಯ ಉಪಾಧ್ಯಕ್ಷ ಟಾಮ್ ಪ್ರೈಸ್ ಈ ಸೀಮೆಯನ್ನು ಸುತ್ತಿ ನೋಡಿ ಅದರ ಪರವಾಗಿ ವಾದಿಸಿದರು. 1962ರಲ್ಲಿ ಅವರು ತೀರಿಕೊಂಡ ಬಳಿಕ ಅಲ್ಲಿನ ಬೆಟ್ಟಕ್ಕೂ ಗಣಿಗೂ ಅದರ ಪಕ್ಕದ ಊರಿಗೂ ಅವರ ಹೆಸರನ್ನೇ ಇಡಲಾಯಿತು.

ಊರು ಕಟ್ಟುವುದು ಮೊದಲನೆಯ ಉತ್ತರವಾಗಿತ್ತು. ಟಾಮ್ ಪ್ರೈಸ್ ಗಣಿಯಿಂದ ಡ್ಯಾಂಪಿಯರ್ ಬಂದರಿಗೆ ಸುಮಾರು 290 ಕಿಲೋಮೀಟರ್ ರೈಲುಹಾದಿ ಹಾಸಿ 1966ರಲ್ಲಿ ಮೊದಲ ಹಡಗನ್ನು ತುಂಬಿಸಲಾಯಿತು. ಮೌಂಟ್ ನ್ಯೂಮನ್ನಿನಿಂದ ಪೋರ್ಟ್ ಹೆಡ್‌ಲ್ಯಾಂಡಿಗೆ 426 ಕಿಲೋಮೀಟರಿನ ಇನ್ನೊಂದು ಹಾದಿ 1969ರಲ್ಲಿ ಸಿದ್ಧವಾಯಿತು. ಮನೆ, ಶಾಲೆ, ಆಸ್ಪತ್ರೆ, ಈಜುಕೊಳ, ಹವಾನಿಯಂತ್ರಣದ ವಿದ್ಯುತ್ತು, ಕುಡಿಯುವ ನೀರು ಎಲ್ಲವನ್ನೂ ಕಂಪನಿಯೇ ಒದಗಿಸಬೇಕಾಗಿದ್ದ ಈ ಊರುಗಳಲ್ಲಿ ಮಾಲೀಕನೇ ಮನೆಯೊಡೆಯನೂ ಅಂಗಡಿಯೊಡೆಯನೂ ಆಗಿದ್ದ ಕಾರಣ, ಅಡುಗೆಮನೆಯ ಸೋರುವ ನಲ್ಲಿಯೂ ಕಾರ್ಮಿಕ ವಿವಾದವಾಗಿ ಬೆಳೆಯುವ ಸಾಧ್ಯತೆಯಿತ್ತು. 1970ರ ದಶಕದಲ್ಲಿ ಮುಷ್ಕರಗಳು ಪಿಲ್ಬರಾದ ನಿತ್ಯದ ಸಂಗತಿಯಾದವು. ಅದಿರಿಗೆ ಬೇಡಿಕೆ ಇದ್ದಷ್ಟು ದಿನ ಕಂಪನಿಗಳು ಒಪ್ಪಂದಕ್ಕೆ ಬಂದು ಹಡಗು ತುಂಬಿಸುವುದನ್ನೇ ಮೇಲೆಂದು ಭಾವಿಸಿದವು. ಬೇಡಿಕೆ ಕುಗ್ಗಿದಾಗ ಅವುಗಳ ಧೋರಣೆ ಬದಲಾಯಿತು. ರೋಬ್ ರಿವರ್ ಎಂಬ ಕಂಪನಿಯ ಆಡಳಿತ ಹಿಡಿದ ಪೆಕೊ-ವಾಲ್ಸೆಂಡ್ ಸಂಸ್ಥೆ, ಚಾರ್ಲ್ಸ್ ಕೋಪ್‌ಮನ್ ಅವರ ಮುಂದಾಳತನದಲ್ಲಿ, 1986ರ ಆಗಸ್ಟಿನಲ್ಲಿ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಒಮ್ಮೆಗೇ ಕೆಲಸದಿಂದ ತೆಗೆಯಿತು. ನ್ಯಾಯಮಂಡಳಿಯ ಆದೇಶದಂತೆ ಅವರನ್ನು ಮತ್ತೆ ಸೇರಿಸಿಕೊಳ್ಳಬೇಕಾಯಿತಾದರೂ, ಯಾರು ಯಾವ ಯಂತ್ರವನ್ನು ಮುಟ್ಟಬಹುದು ಎಂಬ ತೀರ್ಮಾನದಲ್ಲಿ ಸಂಘಗಳಿಗಿದ್ದ ಹಿಡಿತ ಆ ಸಂಘರ್ಷದ ನಂತರ ಮೊದಲಿನಂತೆ ಉಳಿಯಲಿಲ್ಲ.

ಇದೇ 1986ರಲ್ಲಿ ಕೇಂದ್ರ ಸರ್ಕಾರ ಸಂಬಳದ ಜೊತೆಗೆ ಕೊಡುವ ಮನೆ ಮೊದಲಾದ ಸವಲತ್ತುಗಳ ಮೇಲೆ ಮಾಲೀಕರಿಂದ ವಸೂಲಾಗುವ ಹೊಸ ತೆರಿಗೆಯನ್ನು ವಿಧಿಸಿತು. ಊರು ಕಟ್ಟುವ ಲೆಕ್ಕ ತಲೆಕೆಳಗಾಗಲು ಇದೂ ಒಂದು ಕಾರಣವಾಯಿತು. ಹಳೆಯ ಊರುಗಳನ್ನು ಸ್ಥಳೀಯ ಆಡಳಿತಕ್ಕೆ ವಹಿಸಲಾಯಿತು. ಹೊಸ ಗಣಿಗಳ ಪಕ್ಕದಲ್ಲಿ ಸಾಲುಕೋಣೆಗಳ ಶಿಬಿರಗಳು ಎದ್ದವು. ಕೆಲಸಗಾರರು ಪರ್ತಿನಿಂದ ವಿಮಾನದಲ್ಲಿ ಬಂದು, ಒಂದೆರಡು ವಾರ ಹನ್ನೆರಡು ಗಂಟೆಯ ಪಾಳಿಗಳಲ್ಲಿ ದುಡಿದು, ಮತ್ತೆ ವಿಮಾನದಲ್ಲೇ ಮನೆಗೆ ಮರಳುವ ಈ ಪದ್ಧತಿಯೇ ಎರಡನೆಯ ಉತ್ತರ. ಇದರಿಂದ ಶಾಲೆ ಆಸ್ಪತ್ರೆಗಳ ಹೊಣೆ ತಪ್ಪಿತು, ಆದರೆ ಚಾಲಕನೊಬ್ಬನ ಹಿಂದೆ ವಿಮಾನದ ಆಸನ, ಹಾಸಿಗೆ, ಊಟ, ಬಟ್ಟೆ ಒಗೆಯುವ ವ್ಯವಸ್ಥೆ ಇವೆಲ್ಲವೂ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿಗೇ ಬರೆಯಲ್ಪಟ್ಟವು. ಟ್ರಕ್ಕೊಂದು ಹಗಲಿರುಳೂ ಓಡಬೇಕಾದರೆ ಎರಡು ಪಾಳಿಯವರಲ್ಲದೆ ರಜೆಯ ಮೇಲಿರುವವರನ್ನೂ ಸೇರಿಸಿ ನಾಲ್ವರಿಗೆ ಕಡಿಮೆಯಿಲ್ಲದಂತೆ ಚಾಲಕರನ್ನು ಇಟ್ಟುಕೊಳ್ಳಬೇಕಾಗಿತ್ತು.

ಮನುಷ್ಯನೊಬ್ಬನಿಗೆ ಇಷ್ಟು ವೆಚ್ಚ ತಗಲುವಲ್ಲಿ ಆತ ಸಾಗಿಸುವ ಹೊರೆಯನ್ನು ಹೆಚ್ಚಿಸುವುದು ಸಹಜವಾದ ಹೆಜ್ಜೆಯಾಗಿತ್ತು. ಬಿ.ಎಚ್.ಪಿ. ಕಂಪನಿ 2001ರ ಜೂನ್ 21ರಂದು 682 ವ್ಯಾಗನ್ನುಗಳಿಗೆ ಎಂಟು ಎಂಜಿನ್ನುಗಳನ್ನು ಅಲ್ಲಲ್ಲಿ ಜೋಡಿಸಿ, 7.353 ಕಿಲೋಮೀಟರ್ ಉದ್ದದ ರೈಲನ್ನು ಯಾಂಡಿ ಗಣಿಯಿಂದ ಪೋರ್ಟ್ ಹೆಡ್‌ಲ್ಯಾಂಡಿಗೆ ಓಡಿಸಿ ವಿಶ್ವದಾಖಲೆ ಸ್ಥಾಪಿಸಿತು. ಸುಮಾರು 82,000 ಟನ್ ಅದಿರನ್ನು ಹೊತ್ತ ಆ ರೈಲಿಗೆ ಚಾಲಕ ಒಬ್ಬನೇ. ಮುಂದಿನ ಎಂಜಿನ್ನಿನಲ್ಲಿ ಆತ ತಿರುಗಿಸಿದ ಹಿಡಿಕೆಯ ಆಜ್ಞೆ ರೇಡಿಯೊ ಮೂಲಕ ಹಿಂದಿನ ಎಂಜಿನ್ನುಗಳಿಗೆ ತಲುಪುತ್ತಿತ್ತು. ಏಳು ಎಂಜಿನ್ನುಗಳನ್ನು ದೂರದಿಂದ ನಡೆಸಲು ಸಾಧ್ಯವಾದ ಮೇಲೆ ಎಂಟನೆಯದನ್ನೂ ಹಾಗೆಯೇ ನಡೆಸುವ ಯೋಚನೆ ಬಹಳ ದೂರದ್ದಾಗಿರಲಿಲ್ಲ.

ಅಷ್ಟರಲ್ಲಿ ಚೀನಾದ ಬೇಡಿಕೆ ಮಾರುಕಟ್ಟೆಯನ್ನು ಅಲುಗಾಡಿಸಿತು. ವಾರ್ಷಿಕ ಒಪ್ಪಂದದ ಅದಿರಿನ ಬೆಲೆ 2005ರಲ್ಲಿ ಒಂದೇ ಬಾರಿಗೆ ಶೇಕಡ 71.5ರಷ್ಟು ಏರಿತು. ಈ ಏರಿಕೆಯ ಇನ್ನೊಂದು ಮುಖವನ್ನು ಕನ್ನಡ ಓದುಗರು ಚೆನ್ನಾಗಿ ಬಲ್ಲರು: ಬಳ್ಳಾರಿ, ಸಂಡೂರು, ಹೊಸಪೇಟೆಗಳ ರಸ್ತೆಗಳಲ್ಲಿ ಮಿತಿಮೀರಿ ಹೇರಿದ ಲಾರಿಗಳು ಸಾಲುಗಟ್ಟಿ, ಹೊಲಗಳ ಮೇಲೆ ಕೆಂಧೂಳು ಕವಿದು, ಬೇಲೆಕೇರಿಯಂತಹ ಬಂದರುಗಳ ಮೂಲಕ ಅದಿರು ಹೊರಟಿದ್ದು ಇದೇ ವರ್ಷಗಳಲ್ಲಿ. ಆ ಅಧ್ಯಾಯ 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆ ಅವರ ವರದಿ ಮತ್ತು ಅದರ ಬೆನ್ನಿಗೇ ಬಂದ ಸುಪ್ರೀಂ ಕೋರ್ಟಿನ ಗಣಿಗಾರಿಕೆ ನಿಷೇಧದೊಡನೆ ಒಂದು ನಿಲುಗಡೆಗೆ ಬಂತು. ಒಂದೇ ಗಿರಾಕಿಗಾಗಿ ದುಡಿದ ಈ ಎರಡು ನಾಡುಗಳು ತೀರ ಬೇರೆಯಾದ ದಾರಿ ಹಿಡಿದುದಕ್ಕೆ ತಂತ್ರಜ್ಞಾನದ ಅರಿವಿಗಿಂತ ಚಾಲಕನ ಬೆಲೆ ಮುಖ್ಯ ಕಾರಣವೆನ್ನಬೇಕು. ಬಳ್ಳಾರಿಯಲ್ಲಿ ಚಾಲಕ ಅಗ್ಗವಾಗಿದ್ದ; ಪಿಲ್ಬರಾದಲ್ಲಿ ಟ್ರಕ್ ಚಾಲಕನ ವಾರ್ಷಿಕ ಗಳಿಕೆ ಒಂದು ಲಕ್ಷ ಆಸ್ಟ್ರೇಲಿಯನ್ ಡಾಲರನ್ನು ಮೀರಿತ್ತು, ಅಷ್ಟು ಕೊಟ್ಟರೂ ಸಾಕಷ್ಟು ಜನ ಸಿಗುತ್ತಿರಲಿಲ್ಲ.

ರಿಯೊ ಟಿಂಟೊ ಕಂಪನಿಯ ಮುಖ್ಯಸ್ಥ ಟಾಮ್ ಆಲ್ಬನೀಸ್ 2008ರ ಜನವರಿಯಲ್ಲಿ ‘ಭವಿಷ್ಯದ ಗಣಿ’ ಎಂಬ ಯೋಜನೆಯನ್ನು ಪ್ರಕಟಿಸಿದರು: ಚಾಲಕರಿಲ್ಲದ ಟ್ರಕ್ಕುಗಳು, ತಾವೇ ಕೊರೆಯುವ ಡ್ರಿಲ್ಲಿಂಗ್ ಯಂತ್ರಗಳು, ಚಾಲಕರಿಲ್ಲದ ರೈಲುಗಳು ಮತ್ತು ಇವೆಲ್ಲಕ್ಕೂ ಪರ್ತಿನಲ್ಲಿ ಒಂದೇ ನಿಯಂತ್ರಣ ಕೇಂದ್ರ. ಇದರ ಹಿಂದಿನ ಸಂಶೋಧನೆಗೆ ಹಲವು ಬೇರುಗಳಿದ್ದವು. ಕೆನಡದ ಸಡ್‌ಬರಿಯ ನಿಕ್ಕಲ್ ಗಣಿಗಳಲ್ಲಿ ನೆಲದಾಳದ ಯಂತ್ರಗಳನ್ನು ಮೇಲಿನಿಂದ ನಡೆಸುವ ಪ್ರಯೋಗಗಳು 1990ರ ದಶಕದಲ್ಲೇ ನಡೆದಿದ್ದವು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಹ್ಯೂ ಡ್ಯುರಂಟ್-ವೈಟ್ ಅವರ ತಂಡ ಬ್ರಿಸ್ಬೇನ್ ಬಂದರಿನಲ್ಲಿ ಕಂಟೇನರುಗಳನ್ನು ಎತ್ತಿಡುವ ಸ್ವಯಂಚಾಲಿತ ವಾಹನಗಳ ಅನುಭವ ಪಡೆದಿತ್ತು, ಅಲ್ಲಿಯೇ 2007ರಲ್ಲಿ ರಿಯೊ ಟಿಂಟೊ ನೆರವಿನ ಗಣಿ ಸ್ವಯಂಚಾಲನಾ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಟ್ರಕ್ಕನ್ನು ಮಾತ್ರ ಕಂಪನಿ ಜಪಾನಿನ ಕೊಮಾಟ್ಸುವಿನಿಂದ ತರಿಸಿತು. ಚಿಲಿ ದೇಶದ ಗೇಬ್ರಿಯೆಲಾ ಮಿಸ್ತ್ರಾಲ್ ತಾಮ್ರದ ಗಣಿಯಲ್ಲಿ ಕೊಮಾಟ್ಸುವಿನ ಚಾಲಕರಹಿತ ಟ್ರಕ್ಕುಗಳು 2008ರಲ್ಲೇ ವಾಣಿಜ್ಯ ಕೆಲಸ ಆರಂಭಿಸಿದ್ದವು. ಪಿಲ್ಬರಾದಲ್ಲಿ ಪ್ರಯೋಗಕ್ಕೆ ಆರಿಸಿದ ವೆಸ್ಟ್ ಏಂಜೆಲಸ್ ಗಣಿ, 1986ರಲ್ಲಿ ಸಾವಿರ ಜನರನ್ನು ಹೊರಹಾಕಿದ್ದ ಅದೇ ರೋಬ್ ರಿವರ್ ಉದ್ಯಮಕ್ಕೆ ಸೇರಿದ್ದು. 2000ದಲ್ಲಿ ಅದರ ಆಡಳಿತ ರಿಯೊ ಟಿಂಟೊ ಕೈಗೆ ಬಂದಿತ್ತು.

ಕೊಮಾಟ್ಸು 930ಇ ಎಂಬ ಈ ಟ್ರಕ್ಕು ಒಂದು ಸಲಕ್ಕೆ ಸುಮಾರು 290 ಟನ್ ಹೊರುತ್ತದೆ; ಅದರ ಟೈರು ಎರಡಾಳಿನಷ್ಟು ಎತ್ತರ. ಟ್ರಕ್ಕು ತನ್ನ ಸ್ಥಾನವನ್ನು ಉಪಗ್ರಹಗಳ ಸಂಕೇತ ಮತ್ತು ಗಣಿಯಲ್ಲೇ ನೆಟ್ಟ ಕೇಂದ್ರಗಳ ತಿದ್ದುಪಡಿಯಿಂದ ಅಂಗುಲಗಳ ಲೆಕ್ಕದಲ್ಲಿ ತಿಳಿದುಕೊಳ್ಳುತ್ತದೆ, ಮುಂದಿರುವ ಅಡಚಣೆಯನ್ನು ರೇಡಾರ್ ಮತ್ತು ಲೇಸರ್ ಕಿರಣಗಳಿಂದ ಗುರುತಿಸುತ್ತದೆ. ಹಾಗೆಂದು ದಾರಿಯ ತೀರ್ಮಾನ ಅದರದ್ದಲ್ಲ. ಕೇಂದ್ರದ ಕಂಪ್ಯೂಟರು ನಕ್ಷೆಯ ಮೇಲೆ ಪ್ರತಿ ಟ್ರಕ್ಕಿಗೂ ದಾರಿಯ ಒಂದೊಂದು ತುಂಡನ್ನು ಕಾಯ್ದಿರಿಸಿ ಕೊಡುತ್ತದೆ, ಮುಂದಿನ ತುಂಡಿನ ಅನುಮತಿ ನಿಸ್ತಂತು ಜಾಲದ ಮೂಲಕ ಬಾರದಿದ್ದರೆ ಟ್ರಕ್ಕು ನಿಂತುಬಿಡುತ್ತದೆ. ಅದಿರನ್ನು ಅಗೆದು ತುಂಬುವ ಯಂತ್ರಕ್ಕೆ ಚಾಲಕ ಇದ್ದೇ ಇರುತ್ತಾನೆ. ಬಂಡೆಯ ಗುಣ, ಕುಸಿಯುವ ಅಂಚು, ಅದಿರು ಮುಗಿದು ಬರೀ ಮಣ್ಣು ಆರಂಭವಾಗುವ ಗೆರೆ ಇವನ್ನು ನೋಡಿ ನಿರ್ಧರಿಸುವ ಕೆಲಸ ಕಣ್ಣಿನದೇ ಆಗಿ ಉಳಿದಿದೆ. ಆತ ತನ್ನ ಯಂತ್ರದ ಬುಟ್ಟಿಯನ್ನು ತನಗೆ ಬೇಕಾದ ಕಡೆ ಹಿಡಿದು ಗುರುತು ಕೊಟ್ಟರೆ, ಟ್ರಕ್ಕು ಹಿಮ್ಮುಖವಾಗಿ ಬಂದು ನೇರವಾಗಿ ಅದರಡಿ ನಿಲ್ಲುತ್ತದೆ.

ಈ ನಿಖರತೆಯಿಂದಲೇ ಒಂದು ಅನಿರೀಕ್ಷಿತ ತೊಂದರೆ ಹುಟ್ಟಿತು. ಮನುಷ್ಯ ಚಾಲಕರು ಒಬ್ಬರ ಗಾಲಿಯ ಜಾಡಿನಲ್ಲೇ ಇನ್ನೊಬ್ಬರು ಕೂದಲೆಳೆಯಷ್ಟೂ ಸರಿಯದೆ ಹೋಗುವುದಿಲ್ಲವಾದುದರಿಂದ ರಸ್ತೆ ಸಮನಾಗಿ ಸವೆಯುತ್ತದೆ. ಯಂತ್ರಗಳು ಮಾತ್ರ ಅದೇ ಗೆರೆಯ ಮೇಲೆ ಸಾವಿರ ಸಲ ಹೋಗಿ ಆಳವಾದ ಕೊರಕಲು ಬೀಳಿಸಿದವು. ಕೊನೆಗೆ ತಂತ್ರಜ್ಞರು ಟ್ರಕ್ಕುಗಳು ಬೇಕೆಂದೇ ಅಷ್ಟಿಷ್ಟು ಅತ್ತಿತ್ತ ಸರಿದು ಹೋಗುವಂತೆ ಆಜ್ಞಾಕ್ರಮವನ್ನು ತಿದ್ದಬೇಕಾಯಿತು.

ಪರ್ತ್ ವಿಮಾನ ನಿಲ್ದಾಣದ ಬಳಿಯ ನಿಯಂತ್ರಣ ಕೇಂದ್ರ 2010ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ಹೊಗಳಿಕೆಯೆಲ್ಲ ಟ್ರಕ್ಕಿಗೆ ಸಂದರೂ ಈ ಕೇಂದ್ರದ ಪಾತ್ರವೇ ದೊಡ್ಡದೆಂದು ತೋರುತ್ತದೆ. ಅದುವರೆಗೆ ಗಣಿಯ ವ್ಯವಸ್ಥಾಪಕ, ರೈಲಿನ ವೇಳೆಗಾರ, ಬಂದರಿನ ಮೇಲ್ವಿಚಾರಕ ಇವರು ಬೇರೆ ಬೇರೆ ಊರುಗಳಲ್ಲಿ ಕುಳಿತು ದೂರವಾಣಿಯಲ್ಲಿ ವಾದಿಸುತ್ತಿದ್ದರು. ಈಗ ಒಂದೇ ಕೊಠಡಿಯ ಪರದೆಗಳ ಸಾಲಿನಲ್ಲಿ ಅಕ್ಕಪಕ್ಕ ಕುಳಿತು, ಹಡಗಿಗೆ ಬೇಕಾದ ಗುಣಮಟ್ಟದ ಅದಿರು ಯಾವ ಗಣಿಯಿಂದ ಯಾವ ರೈಲಿನಲ್ಲಿ ಹೊರಡಬೇಕೆಂಬುದನ್ನು ಒಟ್ಟಿಗೆ ನಿರ್ಧರಿಸುವಂತಾಯಿತು. ಬಿ.ಎಚ್.ಪಿ. 2013ರಲ್ಲಿ ಇಂತಹದೇ ಕೇಂದ್ರವನ್ನು ಪರ್ತಿನಲ್ಲಿ ತೆರೆಯಿತು. ಫೋರ್ಟೆಸ್ಕ್ಯೂ ಕಂಪನಿ ತನ್ನ ಸಾಲೊಮನ್ ಗಣಿಗೆ ಅಮೆರಿಕದ ಕ್ಯಾಟರ್‌ಪಿಲ್ಲರ್ ಸಂಸ್ಥೆಯ ಚಾಲಕರಹಿತ ಟ್ರಕ್ಕುಗಳನ್ನು ತಂದಿತು. ರಿಯೊ ಟಿಂಟೊದ ಲೆಕ್ಕದಂತೆ 2017ರಲ್ಲಿ ಅದರ ಪ್ರತಿ ಚಾಲಕರಹಿತ ಟ್ರಕ್ಕು ಸಾಮಾನ್ಯ ಟ್ರಕ್ಕಿಗಿಂತ ಸರಾಸರಿ 700 ಗಂಟೆ ಹೆಚ್ಚು ದುಡಿದು, ತುಂಬುವ ಮತ್ತು ಸಾಗಿಸುವ ವೆಚ್ಚವನ್ನು ಶೇಕಡ 15ರಷ್ಟು ಇಳಿಸಿತು. ಊಟದ ಬಿಡುವು, ಪಾಳಿ ಬದಲಾವಣೆ, ಶೌಚದ ವಿರಾಮ ಇವೇ ಕೂಡಿ ಆ 700 ಗಂಟೆಗಳಾಗಿದ್ದವು.

ಅಪಘಾತಗಳು ತಪ್ಪಲಿಲ್ಲ, ಅವುಗಳ ಸ್ವರೂಪ ಬದಲಾಯಿತು. ಬಿ.ಎಚ್.ಪಿ.ಯ ಜಿಂಬಲ್‌ಬಾರ್ ಗಣಿಯಲ್ಲಿ 2014ರ ಆಗಸ್ಟಿನಲ್ಲಿ, ಧೂಳಡಗಿಸಲು ರಸ್ತೆಗೆ ನೀರು ಚಿಮುಕಿಸುವ, ಚಾಲಕನಿದ್ದ ಟ್ಯಾಂಕರು ಚಾಲಕರಹಿತ ಟ್ರಕ್ಕಿನೊಡನೆ ಡಿಕ್ಕಿಯಾಯಿತು. ಟ್ಯಾಂಕರಿನ ಚಾಲಕನಿಗೆ ಟ್ರಕ್ಕು ಯಾವ ಕಡೆ ತಿರುಗಲಿದೆಯೆಂಬುದು ತಿಳಿಯಲಿಲ್ಲ. ಇಬ್ಬರು ಚಾಲಕರು ಕಣ್ಸನ್ನೆಯಲ್ಲೋ ಕೈಸನ್ನೆಯಲ್ಲೋ ಬಗೆಹರಿಸಿಕೊಳ್ಳುತ್ತಿದ್ದ ಸಂಗತಿಗೆ ಈಗ ಲಿಖಿತ ನಿಯಮ ಬೇಕಾಯಿತು. ರಾಜ್ಯದ ಗಣಿ ಇಲಾಖೆ 2015ರಲ್ಲಿ ಸ್ವಯಂಚಾಲಿತ ಗಣಿ ವಾಹನಗಳ ಸುರಕ್ಷತಾ ಸಂಹಿತೆಯನ್ನು ಹೊರತಂದಿತು.

ರೈಲಿನ ಸ್ವಯಂಚಾಲನೆ ಟ್ರಕ್ಕಿಗಿಂತ ಸುಲಭವೆಂದು ಎಲ್ಲರೂ ಎಣಿಸಿದ್ದರು. ಹಳಿಯ ಮೇಲೆ ಹೋಗುವುದಕ್ಕೆ ದಾರಿ ಹುಡುಕುವ ಪ್ರಮೇಯವಿಲ್ಲವಲ್ಲ. ಎಣಿಕೆ ತಪ್ಪಿತು. 51.8 ಕೋಟಿ ಅಮೆರಿಕನ್ ಡಾಲರ್ ವೆಚ್ಚದಲ್ಲಿ 2015ಕ್ಕೆ ಮುಗಿಯಬೇಕಿದ್ದ ರಿಯೊ ಟಿಂಟೊದ ‘ಆಟೊಹಾಲ್’ ಯೋಜನೆ ಸುಮಾರು 94 ಕೋಟಿಗೆ ಏರಿ 2018ರವರೆಗೆ ಎಳೆಯಿತು. ಏರಿಳಿತದ ಹಾದಿಯಲ್ಲಿ ಎರಡು ಕಿಲೋಮೀಟರಿಗೂ ಉದ್ದವಾದ ರೈಲಿನ ತಲೆ ಇಳಿಜಾರಿನಲ್ಲಿದ್ದಾಗ ಬಾಲ ಏರಿನಲ್ಲಿರಬಹುದು. ಆಗ ವ್ಯಾಗನ್ನುಗಳ ನಡುವಿನ ಕೊಂಡಿ ತುಂಡಾಗದಂತೆ ಬ್ರೇಕನ್ನೂ ಎಳೆತವನ್ನೂ ಹದಗೊಳಿಸುವುದು ಹಳೆಯ ಚಾಲಕರು ಮೈಯಿಂದಲೇ ಕಲಿತ ವಿದ್ಯೆಯಾಗಿತ್ತು, ಅದನ್ನು ಸೂತ್ರಕ್ಕಿಳಿಸಬೇಕಾಗಿತ್ತು. ಲಾಭದ ಮೂಲ ಇಲ್ಲಿಯೂ ಅದೇ. ಗಣಿಗೆ ಹೋಗಿ ಬರುವ ಸರಾಸರಿ 800 ಕಿಲೋಮೀಟರಿನ, 40 ಗಂಟೆಯ ಪ್ರಯಾಣದಲ್ಲಿ ಚಾಲಕರನ್ನು ಬದಲಿಸಲು ರೈಲು ಮೂರು ಬಾರಿಯಾದರೂ ನಿಲ್ಲಬೇಕಿತ್ತು, ಹಾಗೆ ಬದಲಿಯಾಗುವ ಚಾಲಕರನ್ನು ಕರೆದೊಯ್ಯುವ ವಾಹನಗಳು ವರ್ಷಕ್ಕೆ ಸುಮಾರು 15 ಲಕ್ಷ ಕಿಲೋಮೀಟರ್ ಓಡುತ್ತಿದ್ದವು. 2018ರ ಜುಲೈ 10ರಂದು ಮೂರು ಎಂಜಿನ್ನುಗಳ ರೈಲೊಂದು ಟಾಮ್ ಪ್ರೈಸ್ ಕಡೆಯಿಂದ ಸುಮಾರು 28,000 ಟನ್ ಅದಿರನ್ನು ಹೊತ್ತು, 280 ಕಿಲೋಮೀಟರ್ ಕ್ರಮಿಸಿ, ಹಿಂದೆ ರೋಬ್ ರಿವರ್ ಕಟ್ಟಿಸಿದ್ದ ಕೇಪ್ ಲ್ಯಾಂಬರ್ಟ್ ಬಂದರನ್ನು ಚಾಲಕನಿಲ್ಲದೆ ಸೇರಿತು.

ನಾಲ್ಕು ತಿಂಗಳು ತುಂಬುವ ಮೊದಲೇ ಪಕ್ಕದ ಕಂಪನಿಯ ಹಳಿಯ ಮೇಲೆ ಇನ್ನೊಂದು ರೈಲು ಚಾಲಕನಿಲ್ಲದೆ ಓಡಿತು, ಯಾರೂ ಬಯಸದ ರೀತಿಯಲ್ಲಿ. 2018ರ ನವೆಂಬರ್ 5ರ ನಸುಕಿನಲ್ಲಿ ನ್ಯೂಮನ್ನಿನಿಂದ ಪೋರ್ಟ್ ಹೆಡ್‌ಲ್ಯಾಂಡಿಗೆ ಹೊರಟಿದ್ದ ಬಿ.ಎಚ್.ಪಿ.ಯ ನಾಲ್ಕು ಎಂಜಿನ್, 268 ವ್ಯಾಗನ್ನುಗಳ ರೈಲು ಬ್ರೇಕಿನ ತಂತಿಯ ಸಂಪರ್ಕ ಕಡಿದು ತಾನಾಗಿ ನಿಂತಿತು. ಚಾಲಕ ಇಳಿದು ವ್ಯಾಗನ್ನುಗಳನ್ನು ಪರೀಕ್ಷಿಸುತ್ತಿದ್ದಾಗ, ಸುಮಾರು ಒಂದು ಗಂಟೆ ಕಳೆದ ಮೇಲೆ, ವಿದ್ಯುತ್ ಸಂಕೇತದಿಂದ ನಡೆಯುವ ಬ್ರೇಕ್ ವ್ಯವಸ್ಥೆ ಬ್ಯಾಟರಿ ಉಳಿಸಿಕೊಳ್ಳಲು ತನ್ನ ಹಿಡಿತವನ್ನು ಬಿಟ್ಟಿತು. ರೈಲು ಇಳಿಜಾರಿನಲ್ಲಿ ಹೊರಟುಬಿಟ್ಟಿತು. ಸರಾಸರಿ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಅದು 92 ಕಿಲೋಮೀಟರ್ ಹೋಯಿತು. ಕೊನೆಗೆ ಪರ್ತಿನ ನಿಯಂತ್ರಕರು ಹಳಿ ಬದಲಿಸುವ ಪಾಯಿಂಟನ್ನು ದೂರದಿಂದಲೇ ತಿರುಗಿಸಿ, ಪೋರ್ಟ್ ಹೆಡ್‌ಲ್ಯಾಂಡಿಗೆ ಇನ್ನೂ 119 ಕಿಲೋಮೀಟರ್ ಇರುವಂತೆ, ಅದನ್ನು ಹಳಿತಪ್ಪಿಸಿದರು. ಸುಮಾರು ಒಂದೂವರೆ ಕಿಲೋಮೀಟರ್ ಹಳಿ ಕಿತ್ತುಹೋದರೂ ಯಾರಿಗೂ ಗಾಯವಾಗಲಿಲ್ಲ. ಈ ಘಟನೆಯನ್ನು ಸ್ವಯಂಚಾಲನೆಯ ಪರವಾದಿಗಳೂ ವಿರೋಧಿಗಳೂ ತಮ್ಮ ತಮ್ಮ ವಾದಕ್ಕೆ ಬಳಸಿಕೊಂಡರು. ಅದು ಚಾಲಕನಿದ್ದ ರೈಲು, ಬ್ರೇಕನ್ನು ಬಿಟ್ಟದ್ದು ಯಂತ್ರ, ನಿಲ್ಲಿಸಿದ್ದು ಪರದೆಯ ಮುಂದೆ ಕುಳಿತ ಮನುಷ್ಯರು.

ರಿಯೊ ಟಿಂಟೊ 2022ರ ಜೂನ್‌ನಲ್ಲಿ ತೆರೆದ ಗುಡಾಯ್-ಡಾರಿ ಗಣಿಯಲ್ಲಿ ಟ್ರಕ್ಕು, ರೈಲು, ಡ್ರಿಲ್ಲಿಂಗ್ ಯಂತ್ರಗಳಲ್ಲದೆ, ಜಿಂಬಲ್‌ಬಾರಿನಲ್ಲಿ ಡಿಕ್ಕಿಯಾದಂತಹ ನೀರಿನ ಟ್ಯಾಂಕರುಗಳೂ ಚಾಲಕರಹಿತವಾದವು. ಅದಿರಿನ ಮಾದರಿಗಳನ್ನು ಪರೀಕ್ಷಿಸುವುದಕ್ಕೂ ರೋಬಾಟುಗಳು ಬಂದವು. ಇಷ್ಟಾದರೂ ಪರ್ತಿನಿಂದ ಬೆಳಗಿನ ವಿಮಾನಗಳು ನಿಂತಿಲ್ಲ. ಅವುಗಳಲ್ಲಿ ಈಗ ಚಾಲಕರಿಗಿಂತ ಫಿಟ್ಟರುಗಳು, ಎಲೆಕ್ಟ್ರಿಷಿಯನ್ನರು, ಟೈರು ಬದಲಿಸುವವರು, ನಿಸ್ತಂತು ಜಾಲದ ತಂತ್ರಜ್ಞರು ಹೆಚ್ಚು. ಶಿಬಿರದ ಒಂಟಿಬದುಕು ಕೆಲಸಗಾರರ ಮಾನಸಿಕ ಆರೋಗ್ಯವನ್ನು ಹೇಗೆ ಕೆಡಿಸುತ್ತದೆಂದು ರಾಜ್ಯದ ಶಾಸಕಾಂಗ ಸಮಿತಿ 2015ರಲ್ಲಿ ವಿವರವಾಗಿ ಬರೆದ ವರದಿ ಅವರಿಗೂ ಅನ್ವಯಿಸುತ್ತದೆ. ತಾವಾಗಿ ಬಂದ ಕಂಪನಿಗಳು ತಾವಾಗಿ ದೂರ ಸರಿಯುತ್ತಿರುವಾಗ, ಸರಿಯಲು ಬೇರೆ ಜಾಗವಿಲ್ಲದ ಮೂಲನಿವಾಸಿಗಳ ಪ್ರಶ್ನೆ ಬೇರೆಯೇ ಆಗಿತ್ತು. 2020ರ ಮೇ 24ರಂದು ರಿಯೊ ಟಿಂಟೊ ತನ್ನ ಬ್ರಾಕ್‌ಮನ್ ಗಣಿಯ ವಿಸ್ತರಣೆಗಾಗಿ ಜೂಕನ್ ಕಮರಿಯಲ್ಲಿ 46,000 ವರ್ಷಗಳ ಮಾನವ ವಾಸದ ಕುರುಹುಗಳಿದ್ದ ಗುಹಾಶ್ರಯಗಳನ್ನು ಸಿಡಿಸಿತು. ಪುಟು ಕುಂಟಿ ಕುರ್ರಮ ಮತ್ತು ಪಿನಿಕುರ ಜನರ ಪ್ರತಿಭಟನೆ ಹಾಗೂ ಸಂಸತ್ತಿನ ವಿಚಾರಣೆಯ ನಡುವೆ ಕಂಪನಿಯ ಮುಖ್ಯಸ್ಥ ಜಾನ್-ಸೆಬಾಸ್ಟಿಯನ್ ಜಾಕ್ ಹುದ್ದೆ ಬಿಡಬೇಕಾಯಿತು. ಆ ಸ್ಫೋಟಕ್ಕೆ ಸ್ವಯಂಚಾಲನೆ ಕಾರಣವಾಗಿರಲಿಲ್ಲ. ಕಾನೂನಿನ ಅನುಮತಿ 2013ರಲ್ಲೇ ದೊರೆತಿತ್ತು, ಕಮರಿಯ ಮಹತ್ವ ಅದರ ಮುಂದಿನ ವರ್ಷದ ಉತ್ಖನನದಲ್ಲಿ ಇನ್ನಷ್ಟು ಸ್ಪಷ್ಟವಾಗಿದ್ದರೂ ಆ ಅನುಮತಿಯನ್ನು ಮರುಪರಿಶೀಲಿಸುವ ಅವಕಾಶ ಅಂದಿನ ಕಾಯಿದೆಯಲ್ಲಿ ಇರಲಿಲ್ಲ.